ಡಿಸೆಂಬರ್‌ನಲ್ಲಿ ಒಂದು ರ‍್ಯಾಂಕ್, ಮೇ ತಿಂಗಳಲ್ಲಿ ಇನ್ನೊಂದು: ಕ್ಲಾಟ್ ಫಲಿತಾಂಶ ಕೋರ್ಟ್ ಮೆಟ್ಟಿಲೇರುವುದು ಯಾಕೆ?

ಪರೀಕ್ಷೆ ಮುಗಿದು ವಾರವಾಗಿದೆ, ಫಲಿತಾಂಶ ಬಂದಿದೆ, ರ‍್ಯಾಂಕ್ ಕೈಯಲ್ಲಿದೆ. ಐದು ತಿಂಗಳಾದ ಮೇಲೆ ಅದೇ ರ‍್ಯಾಂಕ್ ಬದಲಾಗುತ್ತದೆ. ವಿದ್ಯಾರ್ಥಿ ಹೊಸದಾಗಿ ಒಂದಕ್ಷರವನ್ನೂ ಬರೆದಿಲ್ಲ. ಆದರೂ ಸಿಗುತ್ತದೆ ಅಂದುಕೊಂಡಿದ್ದ ಕಾಲೇಜು ಕೈತಪ್ಪಿದೆ, ಅಥವಾ ಆಸೆ ಬಿಟ್ಟಿದ್ದ ಕಾಲೇಜು ಸಿಕ್ಕಿದೆ.

2024ರ ಡಿಸೆಂಬರ್ 1ರಂದು ಕ್ಲಾಟ್ ಬರೆದ ಮಕ್ಕಳಿಗೆ ಆದದ್ದು ಇದೇ. ದೇಶದ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಈ ಪರೀಕ್ಷೆಯ ಫಲಿತಾಂಶ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ಮೇ ತಿಂಗಳಲ್ಲಿ ಇತ್ಯರ್ಥವಾಯಿತು. ಅದಾದ ಮೇಲೆ 2025ರ ಡಿಸೆಂಬರ್ 7ರಂದು ಮತ್ತೊಂದು ಕ್ಲಾಟ್ ನಡೆಯಿತು. ಆದರೂ ಪಿಯುಸಿ ಮಕ್ಕಳ ಮನೆಗಳಲ್ಲಿ ಆ ಗೊಂದಲ ಇನ್ನೂ ತಣ್ಣಗಾಗಿಲ್ಲ. ಕೀ ಉತ್ತರವೇ ತಪ್ಪಿದ್ದರೆ ಓದಿದ್ದಕ್ಕೆ ಏನು ಬೆಲೆ? ಕೋರ್ಟು ಯಾಕೆ ಪ್ರಶ್ನೆಪತ್ರಿಕೆ ತಿದ್ದುತ್ತದೆ? ಮುಂದಿನ ವರ್ಷವೂ ಹೀಗೇ ಆಗುತ್ತದಾ? ಒಂದೊಂದಾಗಿ ನೋಡೋಣ.

ಪರೀಕ್ಷೆ ನಡೆಸುವವರು ಯಾರು?

1987ರಲ್ಲಿ ಬೆಂಗಳೂರಿನಲ್ಲಿ ನ್ಯಾಷನಲ್ ಲಾ ಸ್ಕೂಲ್ ಶುರುವಾಯಿತು. ಅದೇ ಮಾದರಿಯಲ್ಲಿ ಬೇರೆ ರಾಜ್ಯಗಳೂ ಕಾನೂನು ವಿಶ್ವವಿದ್ಯಾಲಯಗಳನ್ನು ಕಟ್ಟಿದವು. ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ, ಬೇರೆ ಶುಲ್ಕ, ಬೇರೆ ಊರಿಗೆ ಪ್ರಯಾಣ. ಈ ಕಷ್ಟ ಸುಪ್ರೀಂ ಕೋರ್ಟಿನ ಮುಂದೆ ಹೋದ ಮೇಲೆ, 2008ರಿಂದ ಹಲವು ವಿಶ್ವವಿದ್ಯಾಲಯಗಳಿಗೆ ಸೇರಿ ಒಂದೇ ಪರೀಕ್ಷೆ ಬಂತು. ಅದೇ ಕ್ಲಾಟ್. ಅಂದರೆ ಈ ಪರೀಕ್ಷೆ ಹುಟ್ಟಿದ್ದೇ ಒಂದು ಕೋರ್ಟ್ ಅರ್ಜಿಯಿಂದ.

2018ರವರೆಗೆ ಒಂದೊಂದು ವಿಶ್ವವಿದ್ಯಾಲಯ ಸರದಿಯಂತೆ ಪರೀಕ್ಷೆ ನಡೆಸುತ್ತಿತ್ತು. ಒಂದು ವರ್ಷ ಕಲಿತ ಪಾಠ ಮುಂದಿನ ವರ್ಷ ನಡೆಸುವವರಿಗೆ ದಾಟುತ್ತಿರಲಿಲ್ಲ. 2018ರಲ್ಲಿ ಕಂಪ್ಯೂಟರ್ ಮೇಲೆ ನಡೆದ ಪರೀಕ್ಷೆಯಲ್ಲಿ ತಾಂತ್ರಿಕ ತೊಂದರೆಯಾಗಿ ಎಷ್ಟೋ ವಿದ್ಯಾರ್ಥಿಗಳ ಸಮಯ ಹಾಳಾಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕಳೆದುಹೋದ ಸಮಯಕ್ಕೆ ತಕ್ಕಂತೆ ಅಂಕ ಸರಿದೂಗಿಸುವ ಸೂತ್ರ ಬಳಸಬೇಕಾಯಿತು.

2019ರಿಂದ ಪರೀಕ್ಷೆಯ ಹೊಣೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ್ದು. 2017ರಲ್ಲಿ ರಚನೆಯಾದ ಈ ಒಕ್ಕೂಟದ ಕಚೇರಿ ಇರುವುದು ಬೆಂಗಳೂರಿನ ನಾಗರಬಾವಿಯಲ್ಲೇ. ಪರೀಕ್ಷೆ ಮತ್ತೆ ಪೆನ್ನು, ಒಎಂಆರ್ ಹಾಳೆಗೆ ಮರಳಿತು. ಕಂಪ್ಯೂಟರ್ ಕೈಕೊಡುವ ಸಮಸ್ಯೆ ಹೋಯಿತು. ಪ್ರಶ್ನೆಯೇ ಕೈಕೊಡುವ ಸಮಸ್ಯೆ ಉಳಿಯಿತು.

ಐದು ತಿಂಗಳಲ್ಲಿ ನಡೆದದ್ದು

ಡಿಸೆಂಬರ್ 1ರಂದು ಪರೀಕ್ಷೆ. ಮರುದಿನವೇ ತಾತ್ಕಾಲಿಕ ಕೀ ಉತ್ತರ. ಆಕ್ಷೇಪಣೆ ಸಲ್ಲಿಸಲು ಹೆಚ್ಚುಕಡಿಮೆ ಒಂದು ದಿನ. ವಾರ ತುಂಬುವಷ್ಟರಲ್ಲಿ ಅಂತಿಮ ಕೀ, ಅದರ ಹಿಂದೆಯೇ ಫಲಿತಾಂಶ. ಇಷ್ಟು ಬೇಗ ಕೆಲಸ ಮುಗಿದದ್ದನ್ನು ಮೆಚ್ಚಬೇಕೋ ಅನುಮಾನಿಸಬೇಕೋ ಎಂಬ ಪ್ರಶ್ನೆಗೆ ಉತ್ತರ ಮುಂದಿನ ದಿನಗಳಲ್ಲಿ ಸಿಕ್ಕಿತು.

ಡಿಸೆಂಬರ್ 20ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಎರಡು ಪ್ರಶ್ನೆಗಳ ಕೀ ಸರಿಯಿಲ್ಲ, ಫಲಿತಾಂಶ ಪರಿಷ್ಕರಿಸಿ ಎಂದಿತು. ಒಕ್ಕೂಟ ಮೇಲ್ಮನವಿ ಹಾಕಿತು. ಎರಡೇ ಪ್ರಶ್ನೆ ತಿದ್ದಿದರೆ ಸಾಲದು ಎಂದು ಅರ್ಜಿ ಹಾಕಿದ ವಿದ್ಯಾರ್ಥಿಯೂ ಮೇಲ್ಮನವಿ ಹಾಕಿದರು. ಅಷ್ಟರಲ್ಲಿ ಕರ್ನಾಟಕವೂ ಸೇರಿ ಬೇರೆ ಬೇರೆ ಹೈಕೋರ್ಟುಗಳಲ್ಲಿ ಇಂಥವೇ ಅರ್ಜಿಗಳು ದಾಖಲಾಗಿದ್ದವು. ಒಂದು ಕೋರ್ಟು ಒಂದು ಉತ್ತರ ಸರಿ ಅಂದು, ಇನ್ನೊಂದು ಕೋರ್ಟು ಬೇರೆಯದೇ ಹೇಳಿದರೆ ಗತಿ ಏನು? ಅದಕ್ಕೇ 2025ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟ್ ಎಲ್ಲ ಅರ್ಜಿಗಳನ್ನೂ ದೆಹಲಿ ಹೈಕೋರ್ಟಿಗೆ ವರ್ಗಾಯಿಸಿತು.

ಏಪ್ರಿಲ್ 23ರಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ತೀರ್ಪು ಕೊಟ್ಟಿತು. ಅದೂ ನಿಲ್ಲಲಿಲ್ಲ. ಮೇ 7ರಂದು ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಎ.ಜಿ. ಮಸೀಹ್ ಅವರ ಪೀಠ ವಿವಾದದ ಪ್ರಶ್ನೆಗಳನ್ನು ತಾನೇ ಓದಿ, ಹೈಕೋರ್ಟ್ ತೀರ್ಪಿನ ಕೆಲವು ಭಾಗ ಬದಲಿಸಿತು. ಒಂದು ಪ್ರಶ್ನೆಗೆ ಎರಡು ಆಯ್ಕೆಗಳೂ ಸರಿ ಎಂದಿತು. ಹೈಕೋರ್ಟ್ ಕೈಬಿಟ್ಟಿದ್ದ ಮತ್ತೊಂದು ಪ್ರಶ್ನೆಯನ್ನು ವಾಪಸ್ ತಂದಿತು. ಗಣಿತದ ಎರಡು ಪ್ರಶ್ನೆಗಳನ್ನು ತೆಗೆದುಹಾಕಿತು. ಪ್ರಶ್ನೆಗಳನ್ನು ಇಷ್ಟು ಹಗುರವಾಗಿ ರೂಪಿಸಿದ್ದಕ್ಕೆ ಒಕ್ಕೂಟದ ಬಗ್ಗೆ ಬೇಸರವನ್ನೂ ದಾಖಲಿಸಿತು.

ಇದಾದ ಮೇಲಷ್ಟೇ ಹೊಸ ಮೆರಿಟ್ ಪಟ್ಟಿ, ಕೌನ್ಸೆಲಿಂಗ್. ಮೊದಲ ಸೀಟು ಪಟ್ಟಿ ಬರಬೇಕಿದ್ದದ್ದು ಡಿಸೆಂಬರ್ ಕೊನೆಗೆ.

ಒಂದು ಪ್ರಶ್ನೆ, ಎರಡೂವರೆ ಅಂಕ

ಒಂದೆರಡು ಪ್ರಶ್ನೆಗೆ ಇಷ್ಟೆಲ್ಲ ರಾದ್ಧಾಂತ ಬೇಕಿತ್ತಾ ಅಂತ ಅನಿಸಬಹುದು. ಲೆಕ್ಕ ಹಾಕಿ ನೋಡಿದರೆ ಬೇಕಿತ್ತು.

ಕ್ಲಾಟ್‌ನಲ್ಲಿ 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ. ತಪ್ಪಿಗೆ 0.25 ಕಡಿತ. ಬಿಟ್ಟರೆ ಸೊನ್ನೆ. ಈಗ ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಮೊದಲ ಪಟ್ಟಿಯಲ್ಲಿ ಇಬ್ಬರಿಗೂ 90 ಅಂಕ. ವಿವಾದದ ಪ್ರಶ್ನೆಯಲ್ಲಿ ಮೊದಲನೆಯವಳು ‘ಬಿ’ ಗುರುತು ಮಾಡಿದ್ದಳು, ಎರಡನೆಯವನು ‘ಸಿ’. ಕೀ ಪ್ರಕಾರ ‘ಸಿ’ ಸರಿ. ಹಾಗಾಗಿ ಆಕೆಗೆ 0.25 ಹೋಗಿತ್ತು, ಆತನಿಗೆ 1 ಬಂದಿತ್ತು.

ಆಮೇಲೆ ‘ಬಿ’ಯೇ ಸರಿ ಎಂದು ತೀರ್ಮಾನವಾಯಿತು ಅನ್ನಿ. ಆಕೆಗೆ ಕಡಿತವಾಗಿದ್ದ 0.25 ವಾಪಸ್, ಜೊತೆಗೆ 1 ಅಂಕ. ಒಟ್ಟು 91.25. ಆತನಿಗೆ ಸಿಕ್ಕಿದ್ದ 1 ಹೋಯಿತು, ಮೇಲೆ 0.25 ಕಡಿತ. ಒಟ್ಟು 88.75. ನಿನ್ನೆ ಸಮ ಇದ್ದವರ ನಡುವೆ ಇವತ್ತು ಎರಡೂವರೆ ಅಂಕದ ಅಂತರ.

ಪದವಿ ಕೋರ್ಸಿಗೆ ಈ ಪರೀಕ್ಷೆ ಬರೆಯುವವರು ಅರ್ಧ ಲಕ್ಷಕ್ಕೂ ಜಾಸ್ತಿ. ಇರುವ ಸೀಟುಗಳು ಕೆಲವೇ ಸಾವಿರ. ಪಟ್ಟಿಯ ಮಧ್ಯಭಾಗದಲ್ಲಿ ಕಾಲು ಅಂಕಕ್ಕೊಂದು ಗುಂಪು ನಿಂತಿರುತ್ತದೆ. ಎರಡೂವರೆ ಅಂಕದ ಅಂತರದಲ್ಲಿ ನೂರಾರು ಮಂದಿ ಇರಬಹುದು. ಅಲ್ಲಿ ರ‍್ಯಾಂಕ್ ಜಾರಿದರೆ ಊರು, ಕಾಲೇಜು, ಶುಲ್ಕ ಎಲ್ಲವೂ ಬದಲಾಗುತ್ತವೆ.

ಪ್ರಶ್ನೆಯನ್ನೇ ತೆಗೆದುಹಾಕಿದರೆ ಪರಿಣಾಮ ಬೇರೆ. ಸರಿ ಬರೆದವರು 1 ಅಂಕ ಕಳೆದುಕೊಳ್ಳುತ್ತಾರೆ. ತಪ್ಪು ಬರೆದವರಿಗೆ 0.25 ವಾಪಸ್ ಬರುತ್ತದೆ. ಬಿಟ್ಟವರ ಅಂಕ ಹಾಗೇ ಇರುತ್ತದೆ, ಆದರೆ ಅಕ್ಕಪಕ್ಕದವರು ಮೇಲೆ ಕೆಳಗೆ ಆಗುವುದರಿಂದ ಅವರ ರ‍್ಯಾಂಕೂ ಅಲುಗಾಡುತ್ತದೆ. ಎರಡು ಆಯ್ಕೆಗಳೂ ಸರಿ ಅಂದರೆ ಯಾರ ಅಂಕವೂ ಕಡಿಮೆಯಾಗುವುದಿಲ್ಲ. ಆದರೂ ಮೊದಲೇ ಸರಿ ಬರೆದವರ ಮೇಲುಗೈ ಕರಗಿಹೋಗುತ್ತದೆ.

ಇಬ್ಬರಿಗೆ ಸಮ ಅಂಕ ಬಂದರೆ ಏನು ಮಾಡುತ್ತಾರೆ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಮೊದಲು ಕಾನೂನು ತರ್ಕದ ವಿಭಾಗದಲ್ಲಿ ಯಾರಿಗೆ ಜಾಸ್ತಿ ಅಂಕ ಎಂದು ನೋಡುತ್ತಾರೆ. ಅದೂ ಸಮವಾದರೆ ವಯಸ್ಸಿನಲ್ಲಿ ದೊಡ್ಡವರಿಗೆ ಆದ್ಯತೆ. ಅಲ್ಲೂ ಸಮವಾದರೆ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಹಾಗಾಗಿ ಬದಲಾದ ಪ್ರಶ್ನೆ ಕಾನೂನು ತರ್ಕದ್ದೇ ಆಗಿದ್ದರೆ ಪೆಟ್ಟು ಎರಡು ಕಡೆ. ಒಟ್ಟು ಅಂಕವೂ ಬದಲು, ಸಮ ಅಂಕದವರ ಕ್ರಮವೂ ಬದಲು.

ಇಷ್ಟಾದರೂ ಯಾರೂ ತುಂಬಿಕೊಡಲಾಗದ ನಷ್ಟ ಒಂದಿದೆ. ಉತ್ತರವೇ ಹೊಂದದ ಗಣಿತದ ಪ್ರಶ್ನೆಯ ಮುಂದೆ ಮೂರು ನಿಮಿಷ ತಲೆ ಕೆಡಿಸಿಕೊಂಡವರ ಸಮಯ. ಓದಲು ಉದ್ದುದ್ದ ಪ್ಯಾರಾಗಳಿರುವ ಪರೀಕ್ಷೆಯಲ್ಲಿ ಮೂರು ನಿಮಿಷ ಅಂದರೆ ಮೂರು ಪ್ರಶ್ನೆ. 2018ರಲ್ಲಿ ಕಂಪ್ಯೂಟರ್ ದಾಖಲೆಯಿಂದ ಯಾರ ಎಷ್ಟು ಸಮಯ ಹೋಯಿತು ಎಂದು ಅಳೆಯಬಹುದಿತ್ತು. ಕಾಗದದ ಪರೀಕ್ಷೆಯಲ್ಲಿ ಅಂಥ ದಾಖಲೆಯೇ ಇರುವುದಿಲ್ಲ.

ಪ್ರಶ್ನೆ ಎಡವುವುದು ಎಲ್ಲಿ?

ಮುಂಚೆ ಕ್ಲಾಟ್‌ನಲ್ಲಿ ನೆನಪಿನ ಪ್ರಶ್ನೆಗಳು ಜಾಸ್ತಿ ಇರುತ್ತಿದ್ದವು. ಯಾವ ವರ್ಷ, ಯಾವ ರಾಜಧಾನಿ, ಯಾವ ಲ್ಯಾಟಿನ್ ಪದ. ಅಂಥ ಪ್ರಶ್ನೆಗೆ ಉತ್ತರ ಒಂದೇ. 2020ರಿಂದ ಮಾದರಿ ಬದಲಾಯಿತು. ಸುಮಾರು 450 ಪದಗಳವರೆಗಿನ ಒಂದು ಪ್ಯಾರಾ ಕೊಡುತ್ತಾರೆ. ಅದನ್ನು ಓದಿ, ಅದರ ಆಧಾರದ ಮೇಲೆ ಉತ್ತರಿಸಬೇಕು. ಕಾನೂನಿನ ವಿಭಾಗದಲ್ಲೂ ಅಷ್ಟೇ. ಕಾನೂನು ಮೊದಲೇ ಗೊತ್ತಿರಬೇಕಿಲ್ಲ, ಪ್ಯಾರಾದಲ್ಲಿರುವ ನಿಯಮವನ್ನು ಕೊಟ್ಟ ಸಂದರ್ಭಕ್ಕೆ ಅನ್ವಯಿಸಿದರೆ ಸಾಕು.

ಈ ಬದಲಾವಣೆ ಒಳ್ಳೆಯದೇ. ವಕೀಲಿಕೆಗೆ ಬೇಕಾದದ್ದು ಬಾಯಿಪಾಠಕ್ಕಿಂತ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ. ಆದರೆ ಇಂಥ ಪ್ರಶ್ನೆ ಬರೆಯುವುದು ತುಂಬ ಕಷ್ಟ. ನಾಲ್ಕು ಆಯ್ಕೆಗಳಲ್ಲಿ ಒಂದು ಮಾತ್ರ ಪ್ಯಾರಾಕ್ಕೆ ಪೂರ್ತಿ ಹೊಂದಬೇಕು. ಉಳಿದ ಮೂರು ಹತ್ತಿರ ಬಂದಂತೆ ಕಾಣಬೇಕು, ಆದರೆ ಹೊಂದಬಾರದು. ಬರೆದವರ ಕಣ್ಣಿಗೆ ಬೀಳದ ಇನ್ನೊಂದು ಅರ್ಥ ಅರ್ಧ ಲಕ್ಷ ಓದುಗರಲ್ಲಿ ಯಾರಿಗಾದರೂ ಹೊಳೆದೇ ಹೊಳೆಯುತ್ತದೆ.

2025ರ ವಿವಾದದ ಒಂದು ಪ್ರಶ್ನೆಯನ್ನೇ ನೋಡಿ. ಅದಕ್ಕೆ ಉತ್ತರಿಸಲು ಕಾನೂನು ಮೊದಲೇ ಗೊತ್ತಿರಬೇಕು, ಹಾಗಾಗಿ ಇದು ಪಠ್ಯಕ್ರಮದ ಹೊರಗಿನದು ಎಂದು ಹೈಕೋರ್ಟ್ ತೆಗೆದುಹಾಕಿತ್ತು. ಪ್ಯಾರಾ ಓದಿ ತರ್ಕ ಮಾಡಿದರೆ ಉತ್ತರ ಸಿಗುತ್ತದೆ ಎಂದು ಸುಪ್ರೀಂ ಕೋರ್ಟ್ ಉಳಿಸಿಕೊಂಡಿತು. ಅನುಭವಿ ನ್ಯಾಯಮೂರ್ತಿಗಳೇ ಎರಡು ರೀತಿ ಓದಬಹುದಾದ ಪ್ರಶ್ನೆಯನ್ನು ಹದಿನೇಳು ವರ್ಷದವರು ಒಂದು ನಿಮಿಷದಲ್ಲಿ ಬಿಡಿಸಬೇಕು.

ಇದರ ಭಾರ ಎಲ್ಲರ ಮೇಲೂ ಒಂದೇ ಥರ ಬೀಳುವುದಿಲ್ಲ. ಕ್ಲಾಟ್ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಪ್ಯಾರಾ ಓದಲು ಹೆಚ್ಚು ಸಮಯ ಬೇಕು. ಆಯ್ಕೆಗಳು ಮಸುಕಾಗಿದ್ದರೆ ಎರಡನೇ ಸಲ ಓದಬೇಕು. ಅಲ್ಲಿಗೆ ಮುಂದಿನ ಪ್ರಶ್ನೆಯ ನಿಮಿಷವೂ ಖರ್ಚು. ಎಲ್‌ಎಲ್‌ಬಿ ಮುಗಿದ ಮೇಲೆ ವಕೀಲಿಕೆಗೆ ಬರೆಯುವ ಅಖಿಲ ಭಾರತ ಬಾರ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ನೀಟ್ ಕೂಡ ಕನ್ನಡದಲ್ಲಿದೆ. ಕ್ಲಾಟ್ ಪ್ರಾದೇಶಿಕ ಭಾಷೆಗಳಲ್ಲೂ ಬರಲಿ ಎಂಬ ಬೇಡಿಕೆ ದೆಹಲಿ ಹೈಕೋರ್ಟಿನ ಮುಂದೆ ಹೋದದ್ದು ಇದೇ ಕಾರಣಕ್ಕೆ. ಕಾನೂನು ಓದಲು ಇಂಗ್ಲಿಷ್ ಬೇಕು ಎಂಬ ವಾದವನ್ನು ಸುಮ್ನೆ ತಳ್ಳಿಹಾಕಲಾಗದು. ಆದರೆ ಪ್ರಶ್ನೆಯ ಭಾಷೆ ಸ್ಪಷ್ಟವಾಗಿರಲಿ ಎಂಬುದಕ್ಕೆ ಯಾರ ತಕರಾರೂ ಇರಲಾರದು, ಅಲ್ವಾ?

ಕೋರ್ಟು ಕೈ ಹಾಕಬೇಕೇ?

ಈ ವಿಷಯದಲ್ಲಿ ಕಾನೂನು ಹಳೆಯದು. 1983ರ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಕೀ ಉತ್ತರ ಸರಿ ಎಂದೇ ಭಾವಿಸಬೇಕು. ತಪ್ಪು ಎನ್ನುವವರು ಅದನ್ನು ಎದ್ದು ಕಾಣುವಂತೆ ತೋರಿಸಬೇಕು. ಸುತ್ತಿ ಬಳಸಿ ವಾದ ಮಾಡಿ ತಪ್ಪು ಅನ್ನಿಸುವಂತಿದ್ದರೆ ಸಾಲದು. 2017ರ ಇನ್ನೊಂದು ತೀರ್ಪು ಮತ್ತೂ ಬಿಗಿ. ಅನುಮಾನವಿದ್ದರೆ ಅದರ ಲಾಭ ಪರೀಕ್ಷೆ ನಡೆಸುವವರಿಗೆ ಹೋಗಬೇಕು.

ಒಕ್ಕೂಟದ ವಾದ ಇದರ ಮೇಲೇ ನಿಂತಿತ್ತು. ಆಕ್ಷೇಪಣೆಗಳನ್ನು ತಜ್ಞರು ನೋಡಿದ್ದಾರೆ, ಕೋರ್ಟು ತಜ್ಞರ ಜಾಗದಲ್ಲಿ ಕೂರಬಾರದು ಎಂಬುದು ಅದರ ನಿಲುವು. ಇದರಲ್ಲಿ ಹುರುಳಿದೆ. ಪ್ರತಿ ಪ್ರಶ್ನೆಯನ್ನೂ ಕೋರ್ಟಿಗೆ ಒಯ್ದರೆ ಯಾವ ಪರೀಕ್ಷೆಗೂ ಕೊನೆ ಇರುವುದಿಲ್ಲ. ಫಲಿತಾಂಶ ನಂಬಿ ಬೇರೆ ಸೀಟು ಬಿಟ್ಟವರ ಗತಿಯೂ ಅತಂತ್ರ.

ವಿದ್ಯಾರ್ಥಿಗಳ ವಾದವೂ ಅಷ್ಟೇ ಗಟ್ಟಿ. ತಪ್ಪು ಕೀ ಉಳಿಸಿಕೊಂಡರೆ ಸರಿ ಬರೆದವರಿಗೆ ಶಿಕ್ಷೆ, ತಪ್ಪು ಬರೆದವರಿಗೆ ಬಹುಮಾನ. ಸುಪ್ರೀಂ ಕೋರ್ಟ್ ಸಾಮಾನ್ಯವಾಗಿ ಶೈಕ್ಷಣಿಕ ವಿಷಯದಲ್ಲಿ ತಲೆಹಾಕುವುದಿಲ್ಲ ಎಂದು ಹೇಳಿಯೂ ಇಲ್ಲಿ ಮಧ್ಯೆ ಬಂದಿತು. ಇಷ್ಟೊಂದು ಮಕ್ಕಳ ಭವಿಷ್ಯಕ್ಕೆ ಪೆಟ್ಟು ಬೀಳುವಾಗ ಸುಮ್ಮನಿರಲಾಗದು ಎಂಬುದು ಅದರ ಕಾರಣ. ಈ ಬಾರಿ ಕೋರ್ಟು ಮಾಡಿದ್ದು ಸರಿಯೇ. ಆದರೆ ಮೇ ತಿಂಗಳಲ್ಲಿ ನ್ಯಾಯಮೂರ್ತಿಗಳು ಕೂತು ಮಾಡಿದ ಕೆಲಸವನ್ನು ನವೆಂಬರ್‌ನಲ್ಲಿ, ಪ್ರಶ್ನೆಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ, ಪರಿಶೀಲಕರು ಮಾಡಬೇಕಿತ್ತು.

ಒಂದು ದಿನ, ಒಂದು ಆಕ್ಷೇಪಣೆಗೆ ಸಾವಿರ ರೂಪಾಯಿ

ಕೀ ತಪ್ಪು ಎನ್ನಿಸಿದರೆ ಆಕ್ಷೇಪಣೆ ಸಲ್ಲಿಸಬಹುದು. ಪ್ರತಿ ಆಕ್ಷೇಪಣೆಗೆ 1,000 ರೂಪಾಯಿ ಕಟ್ಟಬೇಕಿತ್ತು. ಆಕ್ಷೇಪಣೆ ಸರಿ ಎಂದು ಕಂಡುಬಂದರೆ ಹಣ ವಾಪಸ್. ನಾಲ್ಕು ಪ್ರಶ್ನೆಗಳ ಬಗ್ಗೆ ಅನುಮಾನವಿದ್ದರೆ 4,000. ಸಾಮಾನ್ಯ ವರ್ಗದವರ ಅರ್ಜಿ ಶುಲ್ಕವೇ 4,000. ಸುಮ್ಮಸುಮ್ಮನೆ ಆಕ್ಷೇಪಣೆ ಹಾಕುವವರನ್ನು ತಡೆಯಲು ಶುಲ್ಕ ಬೇಕು ಎನ್ನುವುದು ಒಪ್ಪುವ ಮಾತೇ. ಆದರೆ ಈ ಮೊತ್ತ ತಡೆಯುವುದು ಕೈಯಲ್ಲಿ ಕಾಸಿಲ್ಲದವರನ್ನು. ಸ್ನಾತಕೋತ್ತರ ಕ್ಲಾಟ್ ಕುರಿತ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ಕೂಡ ಈ ಶುಲ್ಕ ಅತಿಯಾಯಿತು ಎಂದಿತು.

ಇದರ ಪರಿಣಾಮ ಒಂದರ ಹಿಂದೆ ಒಂದು ಬರುತ್ತದೆ. ಶುಲ್ಕ ಜಾಸ್ತಿ, ಸಮಯ ಕಡಿಮೆ ಇದ್ದರೆ ಆಕ್ಷೇಪಣೆಗಳು ಕಡಿಮೆ ಬರುತ್ತವೆ. ಬಂದದ್ದನ್ನು ತಜ್ಞರು ಒಂದೆರಡು ದಿನಗಳಲ್ಲೇ ನೋಡಿ ಮುಗಿಸಬೇಕು. ಅಲ್ಲಿ ಕಣ್ತಪ್ಪಿದ್ದು ಕೋರ್ಟಿಗೆ ಹೋಗುತ್ತದೆ. ಕೋರ್ಟಿಗೆ ಹೋಗಲು ವಕೀಲರ ಫೀಸು ಬೇಕು, ದೆಹಲಿಯಲ್ಲಿ ಯಾರಾದರೂ ಗೊತ್ತಿರಬೇಕು. ಹಾಗಾಗಿ ಯಾವ ಪ್ರಶ್ನೆ ತಿದ್ದುಪಡಿಯಾಗುತ್ತದೆ ಎಂಬುದು, ಆ ಪ್ರಶ್ನೆಯಲ್ಲಿ ಅಂಕ ಕಳೆದುಕೊಂಡವರಲ್ಲಿ ಕೋರ್ಟಿಗೆ ಹೋಗಬಲ್ಲವರು ಇದ್ದಾರೋ ಇಲ್ಲವೋ ಎಂಬುದರ ಮೇಲೆ ನಿಲ್ಲುತ್ತದೆ. ಈ ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯ ಇದೇ.

ಬೇರೆಯವರ ಕೈಗೆ ಕೊಟ್ಟರೆ ಸರಿಹೋಗುತ್ತದಾ?

ಮೇ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2018ರ ಪ್ರಕರಣವನ್ನೂ ನೆನಪಿಸಿ, ಶಾಶ್ವತ ವ್ಯವಸ್ಥೆಯ ಕುರಿತು ಕೇಂದ್ರ ಸರ್ಕಾರ ಮತ್ತು ಭಾರತೀಯ ವಕೀಲರ ಪರಿಷತ್ತಿಗೆ ನೋಟಿಸ್ ಕೊಟ್ಟಿತು. ಆಗ ಥಟ್ಟನೆ ಬಂದ ಸಲಹೆ, ನೀಟ್ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಗೆ ಇದನ್ನೂ ವಹಿಸಿಬಿಡಿ ಎಂಬುದು.

ಆದರೆ 2024ರ ನೀಟ್ ನೆನಪಿಸಿಕೊಳ್ಳಿ. ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನೂ ಸರಿ ಎಂದು ಆ ಸಂಸ್ಥೆ ಅಂಕ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಐಐಟಿ ದೆಹಲಿಯ ತಜ್ಞರನ್ನು ಕೇಳಿತು. ಒಂದೇ ಉತ್ತರ ಸರಿ ಎಂದು ಅವರು ಹೇಳಿದರು. ಪಟ್ಟಿ ಪರಿಷ್ಕರಿಸಿದಾಗ ಮೊದಲ ಸ್ಥಾನದಲ್ಲಿದ್ದವರ ಸಂಖ್ಯೆ 61ರಿಂದ 17ಕ್ಕೆ ಇಳಿಯಿತು. ಒಂದೇ ಒಂದು ಪ್ರಶ್ನೆಯಿಂದ. ಹಾಗಾಗಿ ಪರೀಕ್ಷೆ ನಡೆಸುವವರ ಹೆಸರು ಬದಲಾದ ಮಾತ್ರಕ್ಕೆ ಪ್ರಶ್ನೆಗಳು ಸರಿಯಾಗುವುದಿಲ್ಲ. ಪ್ರಶ್ನೆ ಬರೆದವರನ್ನು ಬಿಟ್ಟು ಬೇರೆಯವರು ಅದನ್ನು ಸಮಯ ಹಿಡಿದು ಬಿಡಿಸಿ ನೋಡಬೇಕು. ಆಕ್ಷೇಪಣೆಗೆ ಕನಿಷ್ಠ ಒಂದು ವಾರ ಕೊಡಬೇಕು. ಆಕ್ಷೇಪಣೆ ತಿರಸ್ಕರಿಸಿದರೆ ಕಾರಣ ಬರೆದು ಪ್ರಕಟಿಸಬೇಕು. ಡಿಸೆಂಬರ್‌ನ ಪರೀಕ್ಷೆಗೆ ಜುಲೈನ ತರಗತಿ ಇರುವಾಗ ಇಷ್ಟಕ್ಕೆ ಸಮಯ ಇಲ್ಲ ಎನ್ನಲಾಗದು.

ಕರ್ನಾಟಕದ ವಿದ್ಯಾರ್ಥಿಗೆ ಇದರಿಂದ ಏನು?

ಬೆಂಗಳೂರಿನ ಲಾ ಸ್ಕೂಲಿನಲ್ಲಿ ಶೇ 25 ಸೀಟುಗಳು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲು. ಇದರ ಹಿಂದೆಯೂ ಒಂದು ಕೋರ್ಟ್ ಕಥೆ ಇದೆ. 2020ರಲ್ಲಿ ರಾಜ್ಯ ಸರ್ಕಾರ ತಂದಿದ್ದ ತಿದ್ದುಪಡಿ ಕಾಯ್ದೆಯನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಮರುವರ್ಷ ಲಾ ಸ್ಕೂಲ್ ತನ್ನದೇ ಯೋಜನೆಯಡಿ ಈ ವರ್ಗವನ್ನು ತಂದಿತು. ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು ಎಂಬುದು ಷರತ್ತು. ಮನೆಮಾತು ಯಾವುದು ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಓದಿದ ಬೇರೆ ರಾಜ್ಯದವರ ಮಕ್ಕಳು ಇದಕ್ಕೆ ಅರ್ಹರು. ಸೊಲ್ಲಾಪುರದಲ್ಲೋ ಕಾಸರಗೋಡಿನಲ್ಲೋ ಕನ್ನಡ ಶಾಲೆಯಲ್ಲಿ ಓದಿದವರು ಅರ್ಹರಲ್ಲ. ಈ ಸೀಟುಗಳು ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹೀಗೆ ಪ್ರತಿ ವರ್ಗದ ಒಳಗೇ ಹಂಚಿಕೆಯಾಗುತ್ತವೆ. ಹಾಗಾಗಿ ಮುಖ್ಯ ಪಟ್ಟಿ ಅಲುಗಿದರೆ ಒಳಗಿನ ಸಣ್ಣ ಪಟ್ಟಿಗಳೂ ಅಲುಗುತ್ತವೆ. ಕೆಲವೇ ಸೀಟುಗಳಿರುವ ಕಡೆ ಒಬ್ಬರ ಕಾಲು ಅಂಕವೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ತುಂಬುವಾಗಲೇ ಈ ವರ್ಗವನ್ನು ಗುರುತಿಸಿ, ಹತ್ತು ವರ್ಷದ ವ್ಯಾಸಂಗದ ದಾಖಲೆಗಳನ್ನು ಶಾಲೆಗಳಿಂದ ಬೇಗ ತರಿಸಿಕೊಳ್ಳುವುದು ಒಳ್ಳೆಯದು. ಎರಡು ಮೂರು ಶಾಲೆ ಬದಲಿಸಿದವರಿಗೆ ಇದಕ್ಕೇ ವಾರಗಟ್ಟಲೆ ಬೇಕಾಗಬಹುದು.

ಫಲಿತಾಂಶ ಮತ್ತೆ ಕೋರ್ಟಿಗೆ ಹೋಗಬಹುದು ಎಂದುಕೊಂಡೇ ಅರ್ಜಿಗಳನ್ನು ಯೋಜಿಸಬೇಕು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್‌ನಲ್ಲಿ ಇಲ್ಲ. ಅದರದು ಐಲೆಟ್ ಎಂಬ ಬೇರೆ ಪರೀಕ್ಷೆ, ಅದೂ ಡಿಸೆಂಬರ್‌ನಲ್ಲೇ. ಹಾಗಾಗಿ ಕ್ಲಾಟ್ ನಿಂತುಹೋದರೂ ಅದು ನಡೆಯುತ್ತದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳ ಐದು ವರ್ಷದ ಕೋರ್ಸಿಗೆ ಕ್ಲಾಟ್ ಬೇಕಿಲ್ಲ, ಪಿಯುಸಿ ಅಂಕ ಸಾಕು. ಡಿಸೆಂಬರ್‌ನ ರ‍್ಯಾಂಕ್ ನಂಬಿ ಮಾರ್ಚ್‌ನ ಪಿಯುಸಿ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡವರಿಗೆ ಈ ದಾರಿ ಕಿರಿದಾಗುತ್ತದೆ.

ಪರೀಕ್ಷೆಯ ದಿನ ಕೈಗೆ ಬಂದ ಪ್ರಶ್ನೆಪತ್ರಿಕೆ, ಒಎಂಆರ್ ಪ್ರತಿಯನ್ನು ಪ್ರವೇಶ ಪೂರ್ತಿ ಮುಗಿಯುವವರೆಗೂ ಎತ್ತಿಡಬೇಕು. ಅವೇ ಇಲ್ಲದಿದ್ದರೆ ಪರಿಷ್ಕೃತ ಕೀ ಬಂದಾಗ ತಮ್ಮ ಅಂಕ ಸರಿಯಾಗಿ ಬದಲಾಗಿದೆಯೇ ಎಂದು ತಾಳೆ ನೋಡಲು ಬೇರೆ ದಾರಿ ಇರುವುದಿಲ್ಲ. ತಾತ್ಕಾಲಿಕ ಕೀ ಬಂದ ದಿನವೇ ಕೂತು ತಾಳೆ ಹಾಕಿ, ಅನುಮಾನವಿದ್ದ ಪ್ರಶ್ನೆಗಳಲ್ಲಿ ಗಟ್ಟಿ ಆಧಾರವಿರುವ ಒಂದೆರಡನ್ನಾದರೂ ಆಕ್ಷೇಪಣೆಯಾಗಿ ಕಳಿಸಿ. ಕಾಲೇಜಿನ ನಾಲ್ಕೈದು ಸ್ನೇಹಿತರು ಸೇರಿದರೆ ಪ್ರಶ್ನೆಗಳನ್ನು ಹಂಚಿಕೊಂಡು, ಶುಲ್ಕವನ್ನೂ ಹಂಚಿಕೊಳ್ಳಬಹುದು. ಒಬ್ಬರ ಆಕ್ಷೇಪಣೆ ಒಪ್ಪಿತವಾದರೆ ಕೀ ಬದಲಾಗುವುದು ಎಲ್ಲರಿಗೂ.